ನಾಲ್ಕನೆಯ ಡಬ್ಬಿ

ಸಣ್ಣ ಕೋಣೆಯ ದೀಪ ಸಂಜೆ ಏಳಕ್ಕೆ ತಾನೇ ಹೊತ್ತಿಕೊಳ್ಳುತ್ತಿತ್ತು, ಎಂಟೂವರೆಗೆ ತಾನೇ ಆರುತ್ತಿತ್ತು. ಮನೆಯಲ್ಲಿದ್ದ ಇಬ್ಬರಿಗೂ ಇದು ಎಷ್ಟು ರೂಢಿಯಾಗಿತ್ತೆಂದರೆ, ಅದರ ಬಗ್ಗೆ ಮಾತಾಡಿ ವರ್ಷಗಳೇ ಆಗಿದ್ದವು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಹದಿನಾಲ್ಕು ಮಹಡಿಯ ಕಟ್ಟಡದಲ್ಲಿ ಕೆಟ್ಟು ನಿಂತ ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು, ಯಾವ ಮಹಡಿಯಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಹೇಳಬಲ್ಲವನು. ಅಂಥವನಿಗೆ ತನ್ನ ಮನೆಯ ಒಂದು ಬಲ್ಬು ಯಾಕೆ ಹೇಳಿದ ಮಾತು ಕೇಳುವುದಿಲ್ಲ ಎಂಬುದು ಮಾತ್ರ ಗೊತ್ತಾಗಲಿಲ್ಲವಂತೆ. ಮೊದಲ ವರ್ಷ ಒಂದು ಸಲ ಸ್ವಿಚ್ಚು ಬಿಚ್ಚಿ ನೋಡಿ, "ವೈರಿಂಗ್ ಹಳೇದು, ಇರ್ಲಿ ಬಿಡು" ಅಂದ. ಇವಳೂ "ಇರ್ಲಿ" ಅಂದಳು. ಗಂಡ ಹೆಂಡತಿ ಒಂದೇ ಸಲಕ್ಕೆ ಒಪ್ಪಿ ಸುಮ್ಮನಾದರು ಅಂದರೆ ಅಲ್ಲಿ ಏನೋ ಇದೆ ಎಂದೇ ತಿಳಿಯಬೇಕು.

ಇವಳದು ಹಲ್ಲು ಮಾಡುವ ಕೆಲಸ. ಕೀಳುವುದಲ್ಲ, ಮಾಡುವುದು. ಹಲ್ಲಿನ ಆಸ್ಪತ್ರೆಯಿಂದ ಬಾಯಿಯ ಅಳತೆ ಬರುತ್ತದೆ. ಇವಳು ಅದರಿಂದ ಪ್ಲಾಸ್ಟರಿನ ಅಚ್ಚು ಎರೆದು, ಅಚ್ಚಿನ ಮೇಲೆ ಕಟ್ಟುಹಲ್ಲು, ತಂತಿ, ಕ್ಯಾಪು ಕೂರಿಸಿ ಕಳಿಸುತ್ತಾಳೆ. ಬೀದಿಯವರು ಹಲ್ಲಿನವಳು ಎಂದೇ ಕರೆಯುವುದು. ಮೂರು ವರ್ಷದ ಹಿಂದೆ ಕೆಲಸವನ್ನು ಮನೆಗೇ ತಂದುಕೊಂಡಾಗ ಸಣ್ಣ ಕೋಣೆಯಲ್ಲಿ ಮೇಜು ಹಾಕಿದಳು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಪ್ಲಾಸ್ಟಿಕ್ ಪೆಟ್ಟಿಗೆ, ಒಂದೊಂದರಲ್ಲಿ ಒಬ್ಬೊಬ್ಬರ ಬಾಯಿ. ಪೆಟ್ಟಿಗೆಯ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ಅಳತೆಯ ಜೊತೆ ಬರುವ ಕಾರ್ಡಿನಲ್ಲೂ ಅಷ್ಟೇ. ನಂಬರ್ ಶುರುವಾಗಿದ್ದು 1001ರಿಂದ. "ಒಂದು ಅಂತ ಬರೆದ್ರೆ ಹೊಸ ಅಂಗಡಿ ಅಂತ ಗೊತ್ತಾಗಿಬಿಡತ್ತೆ ಕಣೇ. ಸಾವಿರದಾಚೆಯಿಂದ ಶುರು ಮಾಡು, ನನ್ನ ಕಂಪ್ಯೂಟರ್ರೂ ಹಾಗೇ ಮಾಡತ್ತೆ" ಎಂದು ಗಂಡ ಹೇಳಿಕೊಟ್ಟಿದ್ದ. ಸಂಜೆ ಏಳಕ್ಕೆ ದೀಪ ಹೊತ್ತಿದ ಕೂಡಲೇ ಹಲ್ಲಿನವಳು ಆ ಮೇಜಿನ ಮುಂದೆ ಕೂರುತ್ತಿದ್ದಳು. ಆರಿದಾಗ ಏಳುತ್ತಿದ್ದಳು. ಮೇಜಿನ ಮೇಲೆ ಬೇರೆ ದೀಪವಿತ್ತು, ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳುತ್ತಿರಲಿಲ್ಲ.

ಗಂಡನಿಗೆ ಹೇಳದೇ ಇದ್ದದ್ದು ಇನ್ನೊಂದಿತ್ತು. ಆ ದೀಪ ಮೊದಮೊದಲು ಏಳೂವರೆಗೇ ಆರುತ್ತಿತ್ತು. ಆಮೇಲೆ ಏಳೂಮುಕ್ಕಾಲು. ಆಮೇಲೆ ಎಂಟು. ಈಗ ಎಂಟೂವರೆ. ಈ ವರ್ಷದಿಂದ ಹಜಾರದ ದೀಪವೂ ಬೆಳಿಗ್ಗೆ ಏಳು ಹತ್ತಕ್ಕೆ ಹೊತ್ತಿ ಇಪ್ಪತ್ತು ನಿಮಿಷ ಉರಿಯತೊಡಗಿತ್ತು, ಭಾನುವಾರ ಬಿಟ್ಟು. ಹಳೆಯ ವೈರಿಂಗಿಗೆ ಭಾನುವಾರ ಯಾವುದೆಂದು ಹೇಗೆ ಗೊತ್ತಾಗಬೇಕು? ಹಲ್ಲಿನವಳು ಆ ಪ್ರಶ್ನೆ ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಬರುತ್ತದೆಂಬ ಭಯ ಅವಳಿಗಿತ್ತು.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ಕಪ್ಪು ಡಬ್ಬ ಇತ್ತು. ಮನೆಯ ಸರ್ವರ್. ಯಾವುದೋ ಆಫೀಸಿನವರು ಬಿಸಾಡಿದ ಕಂಪ್ಯೂಟರನ್ನು ಲಿಫ್ಟಿನವನು ಹೊತ್ತು ತಂದು, ಎರಡು ಡಿಸ್ಕ್ ಜೋಡಿಸಿ, ಮನೆಯ ಫೋಟೋ, ಹಾಡು, ಕಾಗದಪತ್ರ ಎಲ್ಲ ಅದರೊಳಗೆ ತುಂಬಿಟ್ಟಿದ್ದ. ಹಲ್ಲಿನ ಅಳತೆಗಳೂ ಕಾರ್ಡುಗಳ ನಕಲೂ ಅದರಲ್ಲೇ. ಹಗಲೂ ರಾತ್ರಿ ಗೊಣಗುತ್ತದೆ, ಸೆಕೆಯಾದರೆ ಸಿಡುಕುತ್ತದೆ, ಯಾವ ಕಾಲದ್ದನ್ನೂ ಮರೆಯುವುದಿಲ್ಲ, ಮೂಲೆಯಲ್ಲಿ ಕೂತು ಇಡೀ ಮನೆಯನ್ನು ನೋಡಿಕೊಳ್ಳುತ್ತದೆ ಎಂದು ಅದಕ್ಕೆ ಇಬ್ಬರೂ ಅತ್ತೆ ಎಂದು ಹೆಸರಿಟ್ಟಿದ್ದರು. ಈಗ ಅತ್ತೆಗೆ ವಯಸ್ಸಾಗಿತ್ತು. ಒಂದು ಡಿಸ್ಕ್ ಕೈಕೊಟ್ಟಿತ್ತು, ಇನ್ನೊಂದು ಕಟಕಟ ಅನ್ನುತ್ತಿತ್ತು. ಸೋಮವಾರ ಆಸ್ಪತ್ರೆಗೆ ಏಳು ಜನರ ಹಲ್ಲು ಹೋಗಬೇಕು, ಅಳತೆಗಳೆಲ್ಲ ಆ ಕಟಕಟದೊಳಗೆ. ಇನ್ನು ತಡಮಾಡುವ ಹಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲೋ ಲಿಫ್ಟ್ ನಿಂತಿದೆಯೆಂದು ಗಂಡನಿಗೆ ಕರೆ ಬಂತು. "ನಾನು ಬಂದ್ಮೇಲೆ ಮಾಡೋಣ" ಎಂದು ಎರಡೆರಡು ಸಲ ಹೇಳಿ ಹೋದ. ಎರಡನೆಯ ಸಲ ಬಾಗಿಲ ತನಕ ಹೋದವನು ವಾಪಸು ಬಂದು ಹೇಳಿದ. ಹಲ್ಲಿನವಳು ಹೂಂ ಅಂದಳು, ಅವನ ಬೈಕಿನ ಸದ್ದು ತಿರುವು ದಾಟಿದ ಮೇಲೆ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಬೇರೆ ಊರಿನ ಗ್ರಂಥಾಲಯವೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಎಂಥ ಕಷ್ಟದ್ದನ್ನೂ ಅಡುಗೆಮನೆ ಭಾಷೆಗೆ ಇಳಿಸಿ ಹೇಳುವ ಚಾಳಿ ಅವಳಿಗೆ.

"ನೋಡು, ನಿಮ್ದು ಹಳೇ ಕಾಲದ್ದು. ಅದ್ರಲ್ಲಿರೋದು ಪ್ಲಗಿನ್‌ಗಳು, ಒಂದೊಂದು ಕೆಲ್ಸಕ್ಕೆ ಒಂದೊಂದು. ಅಂದ್ರೆ ಅನ್ನ, ಸಾರು, ಪಲ್ಯ ಎಲ್ಲಾ ಒಂದೇ ತಟ್ಟೆಲಿ ಕಲಸಿಟ್ಟ ಹಾಗೆ. ಒಂದರ ಒಳಗೆ ಇನ್ನೊಂದು ಕೈ ಹಾಕತ್ತೆ. ಯಾರು ಯಾರದ್ದನ್ನ ಬೇಕಾದ್ರೂ ತಿನ್ಬಹುದು."

"ಹೊಸದು?"

"ಹೊಸದ್ರಲ್ಲಿ ಕಂಟೇನರ್. ಡಬ್ಬಿ ಅನ್ಕೋ. ಕ್ಯಾರಿಯರ್ ಡಬ್ಬಿ. ಒಂದೊಂದು ಅದರದರ ಡಬ್ಬಿಲಿ, ಮುಚ್ಚಳ ಹಾಕಿ. ನೀನು ಯಾವ ಫೋಲ್ಡರ್ ಕೊಡ್ತೀಯೋ ಅಷ್ಟೇ ಅದಕ್ಕೆ ಕಾಣ್ಸೋದು. ಪಕ್ಕದ ಡಬ್ಬಿಲಿ ಏನಿದೆ ಅಂತ ವಾಸನೇನೂ ಬರಲ್ಲ. ಹಳೇ ಪ್ಲಗಿನ್ ತಾನಾಗಿ ಹೊಸದಕ್ಕೆ ಬರಲ್ಲ ಕಣೇ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ನಾವೇ ಒಂದೊಂದಕ್ಕೂ ಡಬ್ಬಿ ಮಾಡ್ಕೊಡ್ಬೇಕು. ಮಾಡ್ಲಿಲ್ವೋ, ಹೋಯ್ತು."

ಒಂದು ಗಂಟೆ ಕಾಲ ಎಲ್ಲ ಸಲೀಸಾಗಿ ನಡೆಯಿತು. ಹೊಸ ಡಿಸ್ಕಿಗೆ ಸಾಮಾನೆಲ್ಲ ನಕಲಾಯಿತು. ಆಮೇಲೆ ಪರದೆಯ ಮೇಲೆ ಹಳದಿ ಪಟ್ಟಿಯೊಂದು ಬಂತು: ಈ ನಾಲ್ಕು ಪ್ಲಗಿನ್‌ಗಳನ್ನು ಸಾಗಿಸಲಾಗುವುದಿಲ್ಲ. ಮುಂದುವರಿದರೆ ಅಳಿಸಿಹೋಗುತ್ತವೆ.

"ನಾಲ್ಕಲ್ಲ, ಮೂರು" ಅಂದಳು ಹಲ್ಲಿನವಳು. "ಫೋಟೋದು, ಹಾಡಿಂದು, ಆಸ್ಪತ್ರೆಯವ್ರು ಅಳತೆ ಕಳಿಸೋದು."

"ಸರಿಯಾಗಿ ಓದು."

ನಾಲ್ಕನೆಯದರ ಹೆಸರು ಬೆಳವಣಿಗೆ ಎಂದಿತ್ತು. ಗಂಡ ಬೆಳೆಸಿದ್ದು ಏನಾದರೂ ಇದ್ದರೆ ಅದು ಹೊಟ್ಟೆ ಒಂದೇ ಎಂದು ಅವಳಿಗೆ ನಗು ಬಂತು. ಅದಕ್ಕೆ ಚಿತ್ರವಿರಲಿಲ್ಲ; ಯಾರೋ ಬೇಕೆಂದೇ ಮುಖಪುಟದಿಂದ ಮರೆಮಾಡಿಟ್ಟಿದ್ದರು. ಅದು ಯಾರದ್ದು ಎಂಬ ಖಾನೆಯಲ್ಲಿ 1003 ಎಂದಿತ್ತು.

"ಖಾತೆ ನಂಬರ್ ಅದು" ಅಂದಳು ಅಕ್ಕ. "ಮನೇಲಿ ಯಾರ್ಯಾರಿಗೆ ಖಾತೆ ಮಾಡಿದಾರೋ ಅವ್ರಿಗೆಲ್ಲ ವರಸೆ ಪ್ರಕಾರ ನಂಬರ್ ಬೀಳತ್ತೆ. ಭಾವ 1001. ನೀನು 1002."

"ಮೂರನೇವ್ರು ಯಾರು?"

ಅಕ್ಕ, "ಬಿಟ್ಬಿಡು ಅದನ್ನ. ಮುಂದಕ್ಕೆ ಒತ್ತು" ಅಂದಳು.

"ಒಂದು ನಿಮಿಷ, ಆಮೇಲೆ ಮಾಡ್ತೀನಿ" ಎಂದು ಹಲ್ಲಿನವಳು ಫೋನ್ ಇಟ್ಟಳು.

ತೆರೆದು ನೋಡಿದರೆ ಒಂದು ಉದ್ದನೆಯ ಪಟ್ಟಿ. ತಿಂಗಳು, ಎತ್ತರ, ತೂಕ, ಏಳುವ ಹೊತ್ತು, ಮಲಗುವ ಹೊತ್ತು. ಪಕ್ಕದಲ್ಲಿ, ಕೋಣೆಯ ದೀಪ ಏಳರಿಂದ ಎಂಟೂವರೆ. ಹಜಾರದ ದೀಪ ಬೆಳಿಗ್ಗೆ ಏಳು ಹತ್ತು, ಶಾಲೆ. ಹಲ್ಲಿನವಳು ಓದುತ್ತ ಓದುತ್ತ ಕುರ್ಚಿಯ ಅಂಚಿಗೆ ಬಂದಿದ್ದಳು. ಆರು ವರ್ಷ ಕೇಳದೇ ಬಿಟ್ಟ ಪ್ರಶ್ನೆಗೆ ಉತ್ತರ ಹೀಗೆ ಖಾನೆ ಖಾನೆಯಾಗಿ ಬಂದು ಕೂತಿತ್ತು.

ಆರು ವರ್ಷದ ಹಿಂದೆ ಅವರಿಗೊಂದು ಹೆಣ್ಣುಮಗು ಹುಟ್ಟಿತ್ತು, ತಿಂಗಳು ತುಂಬುವ ಮೊದಲೇ. ಎರಡು ದಿನ ಇತ್ತು. ಆ ಎರಡು ದಿನವೂ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೇ ಇತ್ತು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೂ ಅದನ್ನು ಎತ್ತಿಕೊಂಡಿರಲಿಲ್ಲ. ಹೊಟ್ಟೆಯಲ್ಲಿದ್ದಾಗ ಲಿಫ್ಟಿನವನ ಸಡಗರಕ್ಕೆ ಕೊನೆಯಿರಲಿಲ್ಲ. ಸಣ್ಣ ಕೋಣೆಗೆ ಬಣ್ಣ ಹೊಡೆದ, ದೀಪ ಹಾಕಿದ, ಸ್ವಿಚ್ಚಿನ ಹಿಂದೆ ಏನೋ ಕೂರಿಸಿದ, ಸರ್ವರಿನಲ್ಲಿ ಮಗುವಿನ ದಿನಚರಿ ನೋಡಿಕೊಳ್ಳುವಂಥದ್ದು ಏನೋ ಹಾಕಿದ್ದೇನೆ ಎಂದು ಕೂಡ ಹೇಳಿದ್ದ. ಆಮೇಲೆ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅದನ್ನು ನಿಲ್ಲಿಸಬೇಕು ಎಂದೂ ಯಾರೂ ಹೇಳಲಿಲ್ಲ. ಹೇಳದಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಮಗು ಇದೆಯೆಂದೇ ತಿಳಿದು ಅದು ತನ್ನ ಪಾಡಿಗೆ ತಾನು ಅವಳನ್ನು ಬೆಳೆಸುತ್ತಾ ಬಂದಿತ್ತು.

ಮೊದಲ ಎರಡು ಸಾಲು ಗಂಡ ಕೈಯಿಂದ ಬರೆದವು. ಮೊದಲನೆಯ ದಿನ, ಎರಡನೆಯ ದಿನ. 43 ಸೆಂಟಿಮೀಟರ್, 1.9 ಕಿಲೋ. ಆಮೇಲಿನ ಎಲ್ಲ ಸಾಲುಗಳ ಮುಂದೆಯೂ ಅಂದಾಜು ಎಂದಿತ್ತು. ಅಪ್ಪ ಅಮ್ಮನ ಎತ್ತರ ನೋಡಿ ಲೆಕ್ಕ ಹಾಕಿದ ಅಂದಾಜು. ಅವಳು ಆ ಅಂದಾಜಿನ ಮಗುವಿನ ಜೊತೆ ಇಳಿಯುತ್ತಾ ಹೋದಳು. ಕೂತಿದ್ದು, ನಿಂತಿದ್ದು, ಎರಡು ವರ್ಷ, ಎರಡೂವರೆ. ಕಣ್ಣು ತೆಗೆಯಲಾಗಲಿಲ್ಲ. ಮೂರು ವರ್ಷಕ್ಕೆ ಬಂದಾಗ ಆ ಶಬ್ದ ಬದಲಾಯಿತು. ಅಂದಾಜು ಎಂದು ಇರುವಲ್ಲಿ ಅಳತೆ ಎಂದಿತ್ತು.

ಹಿಂದಿನ ತಿಂಗಳು ಅಂದಾಜು 95. ಈ ತಿಂಗಳು ಅಳತೆ 92. ಮಗು ಮೂರು ಸೆಂಟಿಮೀಟರ್ ಕುಗ್ಗಿತ್ತು.

ಲೆಕ್ಕ ಹಾಕಿದ ಮಕ್ಕಳು ಕುಗ್ಗುವುದಿಲ್ಲ. ಯಾರೋ ನಿಲ್ಲಿಸಿ ಅಳೆದಿದ್ದರು. ಅಲ್ಲಿಂದ ಮುಂದೆ ಮೂರು ವರ್ಷ, ನಾಲ್ಕೈದು ತಿಂಗಳಿಗೊಮ್ಮೆ ಅಳೆದಿದ್ದರು. ಕೊನೆಯ ಅಳತೆ ಹೋದ ಮಂಗಳವಾರದ್ದು: 112, ತೂಕ ಹದಿನೆಂಟೂವರೆ. ಪಕ್ಕದಲ್ಲಿ ಒಂದು ಷರಾ ಕೂಡ ಇತ್ತು. 71 ಅಲುಗಾಟ.

ಹಲ್ಲಿನವಳು ಆ ಷರಾವನ್ನು ಇನ್ನೊಮ್ಮೆ ಓದಿದಳು. ಎಪ್ಪತ್ತೊಂದು ಎಂದರೆ ಹಲ್ಲಿನ ಕಸುಬಿನವರ ಭಾಷೆಯಲ್ಲಿ ಹಾಲುಹಲ್ಲು, ಕೆಳದವಡೆಯ ಎಡಗಡೆ, ಮುಂದಿನದು. ಎಲ್ಲ ಮಕ್ಕಳಿಗೂ ಸಾಮಾನ್ಯವಾಗಿ ಮೊದಲು ಅಲುಗಾಡುವ ಜಾಗ. ಆ ಮನೆಯಲ್ಲಿ ಆ ನಂಬರ್ ಬಲ್ಲವಳು ಅವಳೊಬ್ಬಳೇ. ಲಿಫ್ಟಿನವನಿಗೆ ತನ್ನ ಬಾಯಲ್ಲಿ ಎಷ್ಟು ಹಲ್ಲಿವೆ ಎನ್ನುವುದೇ ಗೊತ್ತಿರಲಿಲ್ಲ. ಹಾಗಾದರೆ ಬರೆದದ್ದು ಯಾರು? ಮಗು ಹೋದ ಮೊದಲ ವರ್ಷ ಅವಳು ತನಗೇ ಗೊತ್ತಿಲ್ಲದೆ ಏನೇನೋ ಮಾಡಿದ್ದಳು. ಒಗೆದ ಸಣ್ಣ ಅಂಗಿಗಳನ್ನೇ ಮತ್ತೆ ಒಗೆದು ಹರವಿದ್ದು, ಆಮೇಲೆ ಒಗೆದದ್ದು ತಾನೇ ಎಂದು ನೆನಪಾಗದೆ ಗಂಡನ ಮುಖ ನೋಡಿದ್ದು. ಈಗಲೂ ಸಂಜೆ ಏಳರಿಂದ ಎಂಟೂವರೆ ತನಕ ಆ ದೀಪದ ಕೆಳಗೆ ಕೂತಾಗ ತನ್ನ ಕೈ ಏನು ಮಾಡುತ್ತದೆಂದು ಅವಳು ಆಣೆಯಿಟ್ಟು ಹೇಳಬಲ್ಲಳೇ? ತನ್ನ ಎರಡೂ ಕೈಗಳನ್ನು ಮಗುಚಿ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಪ್ಲಾಸ್ಟರಿನ ಬಿಳಿ ಪುಡಿ ಇತ್ತು, ಯಾವಾಗಲೂ ಇರುವಂಥದ್ದೇ.

ಮಧ್ಯಾಹ್ನ ಮೂರಕ್ಕೆ ಗಂಡ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಗೂಡಿನ ಬಾಗಿಲು ತೆರೆದಿತ್ತು. ಅವನು ಕೈಗೆ ಮೆತ್ತಿದ್ದ ಗ್ರೀಸನ್ನೂ ಒರೆಸಿಕೊಳ್ಳಲಿಲ್ಲ, ಬಾಗಿಲಲ್ಲೇ ನಿಂತ.

"ನಾನು ಬಂದ್ಮೇಲೆ ಮಾಡೋಣ ಅಂದಿದ್ದೆ."

"ಯಾಕೆ ಅಂದ್ರಿ ಅಂತ ಈಗ ಗೊತ್ತಾಯ್ತು."

ಅವನು ಎರಡು ಮೆಟ್ಟಿಲು ಕೆಳಗೆ, ಅವಳ ಕಡೆ ಬೆನ್ನು ಹಾಕಿ ಕೂತ.

"ಆಸ್ಪತ್ರೆಯಿಂದ ಬಂದ ದಿನಾನೇ ತೆಗೀಬೇಕು ಅಂತ ಕೂತೆ. ತೆಗೀಲಾ ಅಂತ ಕೇಳ್ತು. ಇವಳ ಎಲ್ಲಾನೂ ಅಳಿಸ್ಲಾ ಅಂತ ಕೇಳ್ತು. ಕೈ ಬರ್ಲಿಲ್ಲ ಕಣೇ. ಕಣ್ಣಿಗೆ ಬೀಳದ ಹಾಗೆ ಮುಚ್ಚಿಟ್ಟೆ ಅಷ್ಟೇ."

"ದೀಪ?"

"ಮೊದ್ಲನೇ ಸಲ ಹೊತ್ಕೊಂಡಾಗ ಎದೆ ಒಡ್ದೋಯ್ತು. ಸ್ವಿಚ್ ಬಿಚ್ಚಿದೆ. ಮತ್ತೆ ಜೋಡಿಸ್ಬಿಟ್ಟೆ. ನಿನಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ." ಅವನ ದನಿ ಇಳಿಯಿತು. "ಎಂಟೂವರೆಗೆ ಎಲ್ಲೇ ಇದ್ರೂ ಗಡಿಯಾರ ನೋಡ್ತೀನಿ. ಲಿಫ್ಟಿನ ಗುಂಡಿಲಿ ಇಳಿದಿದ್ರೂ ನೋಡ್ತೀನಿ. ಮಲಗಿದ್ಲು ಅಂದ್ಕೋತೀನಿ."

ಹಲ್ಲಿನವಳ ಕಣ್ಣು ತುಂಬಿ ಬಂತು. ಆರು ವರ್ಷ ಒಂದೇ ಸೂರಿನಡಿ ಇಬ್ಬರೂ ಒಂದೇ ಮಗುವನ್ನು, ಒಬ್ಬರಿಗೊಬ್ಬರು ತಿಳಿಯದ ಹಾಗೆ ಕದ್ದು ಸಾಕಿದ್ದರು. ಅವನ ಮೇಲೆ ಸಿಟ್ಟೂ ಬಂತು, ಅವನ ಬೆನ್ನಿನ ಮೇಲೆ ಕೈಯಿಡಬೇಕೆಂದೂ ಅನ್ನಿಸಿತು. ಆದರೆ ಕೇಳಬೇಕಾದ್ದು ಇನ್ನೂ ಬಾಕಿಯಿತ್ತು.

"ಅಳತೆ ಯಾರು ಬರೆದಿದ್ದು?"

ಅವನು ತಿರುಗಿ ನೋಡಿದ. "ನೀನಲ್ವಾ?"

"ನಾನು ಅದನ್ನ ಇವತ್ತೇ ನೋಡಿದ್ದು."

"ಮೂರು ವರ್ಷದ ಹಿಂದೆ ಒಂದ್ಸಲ ತೆಗ್ದು ನೋಡ್ದೆ. ಅಳತೆ ಅಂತ ಇತ್ತು. ನೀನು ಅಳೀತಿದೀಯ ಅಂದ್ಕೊಂಡೆ."

"ಯಾರನ್ನ?"

"ಗೊತ್ತಿಲ್ಲ" ಅಂದ ಗಂಡ. "ಕೇಳೋ ಧೈರ್ಯ ಬರ್ಲಿಲ್ಲ. ಸಂಜೆ ನೀನು ಆ ಕೋಣೆಲಿ ಬಾಗಿಲು ಹಾಕ್ಕೊಂಡು ಕೂತಿರ್ತಿದ್ದೆ. ಆ ಹೊತ್ತಲ್ಲಿ ನಾನು ಒಳಗೆ ಬರ್ತಾನೇ ಇರ್ಲಿಲ್ಲ, ಗಮನಿಸಿದೀಯ?"

ಗೂಡಿನೊಳಗೆ ಡಿಸ್ಕ್ ಕಟಕಟ ಎಂದಿತು. ಇಬ್ಬರೂ ಒಟ್ಟಿಗೇ ಬೆಚ್ಚಿದರು. ಮೂರು ವರ್ಷ ಈ ಮನುಷ್ಯ ಮುಚ್ಚಿದ ಬಾಗಿಲ ಹೊರಗೆ ಏನನ್ನು ಕಲ್ಪಿಸಿಕೊಂಡು ಓಡಾಡಿದ್ದ ಎಂಬುದು ಹಲ್ಲಿನವಳಿಗೆ ಈಗ ಹೊಳೆಯಿತು. ಅವಳು ಎದ್ದಳು. ಅವನ ಅಂಗಿಯ ತೋಳು ಹಿಡಿದು ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ, "ನೋಡಿ, ಇಲ್ಲಿ ಏನೂ ಇಲ್ಲ. ಮೇಜು, ಕಪಾಟು, ಬೇರೆಯವರ ಬಾಯಿ, ಅಷ್ಟೇ" ಅಂದಳು.

ಹಾಗೆ ಅನ್ನುತ್ತಲೇ ಅವಳ ಕಣ್ಣು ಕಪಾಟಿನ ಮೇಲಿನ ಸಾಲಿನಲ್ಲಿ ನಿಂತಿತು. 1001, 1002, 1003.

ಕೈ ಚಾಚಿ ಮೂರನೆಯ ಪೆಟ್ಟಿಗೆ ಇಳಿಸಿದಳು. ಮನೆಯಲ್ಲಿ ಕೆಲಸ ಶುರು ಮಾಡಿದಾಗ ಬಂದ ಮೂರನೆಯ ಕಾರ್ಡು ಅದು. ಯಾವುದೋ ಮಗು, ಬಿದ್ದು ಕೆಳಗಿನ ಬಲಗಡೆಯ ಎರಡು ಹಾಲುಹಲ್ಲು ಮುರಿದುಕೊಂಡಿತ್ತು. ದವಡೆ ಬೆಳೆದ ಹಾಗೆಲ್ಲ ಹೊಸ ಅಳತೆ ಬರುತ್ತದೆ, ಇವಳು ಆ ಎರಡು ಹಲ್ಲು ಕೂರಿಸಿದ ಹೊಸ ಪ್ಲೇಟು ಮಾಡಿ ಕಳಿಸುತ್ತಾಳೆ. ಮಕ್ಕಳಿಗೆ ಮದ್ದು ಕೊಡಬೇಕಾದೀತೆಂದು ಆಸ್ಪತ್ರೆಯವರು ಎತ್ತರ, ತೂಕ ಕೂಡ ಕಾರ್ಡಿನಲ್ಲಿ ಬರೆಯುತ್ತಾರೆ. ಹಲ್ಲು ಮಾಡುವವಳಿಗೆ ಅದು ಬೇಕಿಲ್ಲ, ಅವಳು ಎಂದೂ ಓದಿದವಳಲ್ಲ. ಈಗ ಓದಿದಳು. ಹೋದ ಮಂಗಳವಾರ. 112. ಹದಿನೆಂಟೂವರೆ. 71 ಅಲುಗಾಟ, ಆ ಕಡೆ ತಂತಿ ಒತ್ತದಂತೆ ನೋಡಿ.

"ಒಂದೇ ತಟ್ಟೆ" ಅಂದಳು ಹಲ್ಲಿನವಳು.

"ಏನು?"

"ಅಕ್ಕ ಹೇಳಿದ್ದು. ಯಾರು ಯಾರದ್ದನ್ನ ಬೇಕಾದ್ರೂ ತಿನ್ಬಹುದಂತೆ. ಅವಳು ನಿಮ್ಮ ಕಂಪ್ಯೂಟರಲ್ಲಿ ಮೂರನೇವ್ಳು. ಈ ಮಗು ನನ್ನ ಕಾರ್ಡಲ್ಲಿ ಮೂರನೇದು."

ಲಿಫ್ಟಿನವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಡಾಕ್ಟರ ಕಾಗದ ಎಲ್ಲಿ ಸಿಕ್ಕರೂ ತಾನೇ ಹುಡುಕಿ ಓದಿಕೊಳ್ಳಲಿ ಎಂದು ಬೆಳವಣಿಗೆಯನ್ನು ಸರ್ವರಿಗೆ ಹಾಕುವಾಗ ಟಿಕ್ ಒತ್ತಿದವನು ಅವನೇ. ಮೂರು ವರ್ಷ ಅದು ಕಾಗದ ಹುಡುಕಿತ್ತು, ಸಿಗದಿದ್ದಾಗ ಅಂದಾಜು ಮಾಡಿತ್ತು; ಕೊನೆಗೊಂದು ದಿನ 1003 ಎಂದು ಬರೆದ ಕಾರ್ಡು ಸಿಕ್ಕಾಗ ನಂಬಿ ಓದಿಕೊಂಡಿತ್ತು. ನಂಬರನ್ನು ಸಾವಿರದಾಚೆಯಿಂದ ಶುರು ಮಾಡು ಎಂದು ಬುದ್ಧಿ ಹೇಳಿದವನೂ ಅವನೇ. ತನ್ನ ಕೈಯಾರೆ ಆದ ಎರಡು ಕೆಲಸ ಸೇರಿ ಎಲ್ಲಿಯದೋ ಮಗುವೊಂದನ್ನು ಮನೆಯೊಳಗೆ ತಂದು, ಎಂಟೂವರೆಗೆ ದೀಪ ಆರಿಸಿ ಮಲಗಿಸುತ್ತಿದ್ದವು.

ಹಲ್ಲಿನವಳು ಅಚ್ಚನ್ನು ಹೊರಗೆ ತೆಗೆದು ಅವನ ಅಂಗೈಯಲ್ಲಿಟ್ಟಳು. ಬಿಳಿ ಪ್ಲಾಸ್ಟರಿನ ಪುಟ್ಟ ಬಾಯಿ. ಅವನು ಅದನ್ನು ಬೆಳಕಿಗೆ ತಿರುಗಿಸಿ ನೋಡಿದ. ಕೆಳಗಿನ ಮುಂದಿನ ಹಲ್ಲೊಂದು ಕೂದಲೆಳೆಯಷ್ಟು ವಾಲಿತ್ತು.

"ಯಾರಿದು?"

"ಗೊತ್ತಿಲ್ಲ. ಕಾರ್ಡಲ್ಲಿ ಹೆಸರಿರಲ್ಲ."

ಐದು ಗಂಟೆಗೆ ಅಕ್ಕನೇ ಫೋನ್ ಮಾಡಿದಳು. ಹಳೆಯ ಡಿಸ್ಕ್ ಇವತ್ತು ನಾಳೆ ಅನ್ನುತ್ತಿದೆ, ಕತ್ತಲಾಗುವ ಮೊದಲು ಮುಗಿಸು ಅಂದಳು. ಫೋಟೋಗೊಂದು ಡಬ್ಬಿ, ಹಾಡಿಗೊಂದು, ಆಸ್ಪತ್ರೆಯ ಅಳತೆಗೊಂದು. ಅಕ್ಕ ಹೇಳಿದ ಹಾಗೆ ಮೂರೂ ಮಾಡಿದ್ದಾಯಿತು.

"ನಾಲ್ಕನೇದು?" ಎಂದು ಕೇಳಿದಳು ಹಲ್ಲಿನವಳು.

ಬೇಡ ಎಂದು ಅಕ್ಕ ಹೇಳಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. "ಹುಡುಕಿಟ್ಟಿದೀನಿ. ಯಾರೋ ಪುಣ್ಯಾತ್ಮರು ಅದನ್ನೂ ಡಬ್ಬಿಗೆ ಹಾಕಿಟ್ಟಿದಾರೆ. ಕೇಳೋದನ್ನೆಲ್ಲ ತುಂಬು, ಸಾಕು" ಅಂದಳು. ಆಮೇಲೆ, "ನಿನಗೆ ಬೇಕಿದ್ರೆ ಮಾತ್ರ ಕಣೇ" ಅಂದಳು.

ಡಬ್ಬಿ ಕೇಳಿದ್ದು ನಾಲ್ಕೇ ಪ್ರಶ್ನೆ. ಯಾರ ಪರವಾಗಿ? 1003 ಎಂದು ಬರೆದಳು. ಯಾವ ಯಾವ ಫೋಲ್ಡರ್ ಕಾಣಬೇಕು? ಮಗಳ ಸ್ವಂತದ್ದಕ್ಕೆ ಟಿಕ್ ಹಾಕಿದಳು. ಅದರ ಕೆಳಗೆ ಹಲ್ಲಿನ ಕಾರ್ಡುಗಳ ಫೋಲ್ಡರ್ ಇತ್ತು, ಪಕ್ಕದಲ್ಲಿ ಖಾಲಿ ಚೌಕ.

ಟಿಕ್ ಹಾಕಿದರೆ ಎಲ್ಲ ಇದ್ದಂತೆಯೇ ಇರುತ್ತದೆ. ಮುಂದಿನ ತಿಂಗಳು ಆ ಹಲ್ಲು ಬೀಳುತ್ತದೆ. ಮುಂದಿನ ವರ್ಷ ದೀಪ ಒಂಬತ್ತರ ತನಕ ಉರಿಯುತ್ತದೆ. ಮನೆಯಲ್ಲಿ ಒಬ್ಬಳು ಬೆಳೆಯುತ್ತಿರುತ್ತಾಳೆ. ಹಾಕದಿದ್ದರೆ ಇಲ್ಲ, ಇವತ್ತಿಗೆ ಮುಗಿಯಿತು. ಆರು ವರ್ಷದ ಹಿಂದೆ ಆದದ್ದು ಇವತ್ತು ಇನ್ನೊಂದು ಸಲ ಆಗುತ್ತದೆ, ಈ ಸಲ ಅವಳ ಕೈಯಿಂದಲೇ. ಹಲ್ಲಿನವಳ ಬೆರಳು ಆ ಚೌಕದ ಮೇಲೆ ನಿಂತಿತ್ತು.

"ಹಾಕು" ಅಂದ ಗಂಡ, ಹಿಂದಿನಿಂದ. ಅವನ ಕೈಯಲ್ಲಿ ಆ ಅಚ್ಚು ಇನ್ನೂ ಇತ್ತು. "ಯಾರಿಗೇನು ನಷ್ಟ? ಆ ಮಗುವಿಗೆ ಗೊತ್ತೂ ಆಗಲ್ಲ."

"ಗೊತ್ತಾಗಲ್ಲ ನಿಜ. ಆದ್ರೆ ಈ ನೂರಹನ್ನೆರಡು ಇದೆಯಲ್ರೀ, ಅದನ್ನ ಬೆಳೆಸಿದೋಳು ಬೇರೆ ಒಬ್ಬಳು. ಅನ್ನ ಹಾಕಿ, ಜ್ವರ ಬಂದಾಗ ಕೂತು ಬೆಳೆಸಿದಾಳೆ. ನಾವು ಬರೀ ದೀಪ ಹಾಕಿದ್ವಿ." ಅವಳು ಮೂಗು ಒರೆಸಿಕೊಂಡಳು. "ನಮ್ಮವಳಿಗೆ ನಮ್ಮವಳದ್ದೇ ಇರ್ಲಿ. ಎಷ್ಟಿದೆಯೋ ಅಷ್ಟು."

ಚೌಕವನ್ನು ಖಾಲಿ ಬಿಟ್ಟಳು. ಪಟ್ಟಿಯಲ್ಲಿ ಕೈಯಿಂದ ಬರೆದ ಮೊದಲ ಎರಡು ಸಾಲು ಉಳಿಸಿಕೊಂಡು, ಅಂದಾಜಿನದ್ದು, ಅಳತೆಯದ್ದು ಎಲ್ಲ ಅಳಿಸಿದಳು. ಅಳಿಸಲಾ ಎಂದು ಅದು ಕೇಳಿತು. ಅವಳು ಹೂಂ ಎಂದು ಒತ್ತಿದಳು. ಮೂರನೆಯ ಪ್ರಶ್ನೆ, ಮನೆಯ ಸ್ವಿಚ್ಚುಗಳನ್ನು ಮುಟ್ಟಬಹುದೇ? ಬೇಡ ಎಂದಳು. ಕೊನೆಯದು, ಹುಟ್ಟಿದ ದಿನ. ಅದನ್ನು ಬರೆಯಲು ಮೂರು ಸಲ ಹೋದಳು. ಬರೆಯಲಾಗಲಿಲ್ಲ. ಖಾಲಿ ಬಿಟ್ಟರೂ ನಡೆಯುತ್ತದೆಂದು ಬರೆದಿತ್ತು, ಖಾಲಿಯೇ ಬಿಟ್ಟಳು. ಆಮೇಲೆ ಹಳದಿ ಪಟ್ಟಿಯ ಕೆಳಗಿದ್ದ ಮುಂದುವರಿಯಿರಿ ಎಂಬುದನ್ನು ಒತ್ತಿದಳು. ಗೂಡಿನೊಳಗೆ ಅತ್ತೆ ಒಂದು ಕ್ಷಣ ಪೂರ್ತಿ ಸುಮ್ಮನಾಗಿ ಮತ್ತೆ ಉಸಿರಾಡತೊಡಗಿತು. ಕಟಕಟ ನಿಂತಿತ್ತು.

ಏಳಾಯಿತು. ಹಲ್ಲಿನವಳು ಅಭ್ಯಾಸಬಲದಿಂದ ಮೇಜಿನ ಮುಂದೆ ಕೂತಿದ್ದಳು. ದೀಪ ಹೊತ್ತಲಿಲ್ಲ. ಕಿಟಕಿಯ ಬೆಳಕು ಕಡಿಮೆಯಾಗುತ್ತಾ ಕಪಾಟಿನ ಪೆಟ್ಟಿಗೆಗಳ ನಂಬರುಗಳು ಒಂದೊಂದಾಗಿ ಕಾಣದಾದವು. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಬರಿದಾದ ಹಾಗಿತ್ತು. ಬಾಗಿಲಲ್ಲಿ ಗಂಡ ಬಂದು ನಿಂತ. ಆ ಹೊತ್ತಿನಲ್ಲಿ ಅವನು ಅಲ್ಲಿಗೆ ಬಂದದ್ದು ಮೂರು ವರ್ಷದಲ್ಲಿ ಅದೇ ಮೊದಲು.

"ಹಾಕ್ಲಾ?"

"ಹಾಕಿ."

ಅವನು ಸ್ವಿಚ್ಚು ಒತ್ತಿದ. ದೀಪ ಹೊತ್ತಿತು, ಬೇರೆ ಯಾವ ದೀಪವಾದರೂ ಹೊತ್ತುವ ಹಾಗೆ. ಅವನು ಪ್ಲಾಸ್ಟರಿನ ಡಬ್ಬವನ್ನು ಮಗುಚಿ ಹಾಕಿ ಅದರ ಮೇಲೆ ಕೂತ. ಅವಳು ಆ ಮಗುವಿನ ಪ್ಲೇಟಿನ ತಂತಿಯನ್ನು, ಎಪ್ಪತ್ತೊಂದಕ್ಕೆ ಒತ್ತದ ಹಾಗೆ, ಸ್ವಲ್ಪ ಸ್ವಲ್ಪವೇ ಬಗ್ಗಿಸಿದಳು. ಅವನು ನೋಡುತ್ತಾ ಕೂತ. ಯಾವ ಮನೆಯಲ್ಲೋ ಒಂದು ಮಗು ಈಗ ನಾಲಿಗೆಯಿಂದ ಆ ಹಲ್ಲನ್ನು ದೂಡುತ್ತಾ ಕೂತಿರಬಹುದು ಎಂದು ಇಬ್ಬರಿಗೂ ಅನ್ನಿಸಿತು; ಒಳ್ಳೆಯದಾಗಲಿ ಎಂದುಕೊಂಡರು.

ಎಂಟೂವರೆಗೆ ಗಂಡ ಗಡಿಯಾರ ನೋಡಿದ. ಅವಳೂ ನೋಡಿದಳು. ಆರಿಸಬೇಕಾದವರು ಇನ್ನು ಅವರೇ. ಅವನು ಏಳಲು ಹೊರಟ. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನ್ ಟಿಣ್ ಎಂದಿತು. ನಾಲ್ಕನೆಯ ಡಬ್ಬಿ, ಇದ್ದ ಎರಡು ಸಾಲುಗಳನ್ನು ಓದಿಕೊಂಡು, ತನ್ನ ಮೊದಲ ಚೀಟಿ ಕಳಿಸಿತ್ತು.

ಹಲ್ಲಿನವಳು ಓದಿದಳು. ಫೋನನ್ನು ಅವನ ಕಡೆ ತಿರುಗಿಸಿದಳು.

ವಯಸ್ಸು, ಎರಡು ದಿನ. ಉದ್ದ 43, ತೂಕ 1.9. ಮಲಗುವ ಹೊತ್ತು, ಈ ವಯಸ್ಸಿನಲ್ಲಿ ಹೇಳಲಾಗುವುದಿಲ್ಲ. ದೀಪ ಇರಲಿ. ಅತ್ತಾಗ ಎತ್ತಿಕೊಳ್ಳಿ.

ಅವನು ಮತ್ತೆ ಕೂತ. ಮೆಟ್ಟಿಲ ಕೆಳಗೆ ಸರ್ವರ್ ಸಣ್ಣಗೆ ಉಸಿರಾಡುತ್ತಿತ್ತು, ಬೀದಿಯಲ್ಲಿ ಯಾರದೋ ಸೈಕಲ್ ಹೋಯಿತು, ಆಮೇಲೆ ಅದೂ ಇಲ್ಲ. ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು ಎಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಹೇಳಬಲ್ಲವನು ಈಗ ತಲೆಯನ್ನು ಒಂದು ಬದಿಗೆ ವಾಲಿಸಿ ಆ ಕೋಣೆಗೆ ಕಿವಿಯಿಟ್ಟಿದ್ದ. ಹಲ್ಲಿನವಳು ತಂತಿ, ಇಕ್ಕಳ ಎರಡನ್ನೂ ಸದ್ದಾಗದಂತೆ ಕೆಳಗಿಟ್ಟು, ಕೈಗಳ ಪ್ಲಾಸ್ಟರಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡು, ಎರಡೂ ಕೈ ಮಡಿಲಲ್ಲಿ ಖಾಲಿ ಇಟ್ಟುಕೊಂಡಳು. ದೀಪ ಆರಿಸಲು ಯಾರೂ ಏಳಲಿಲ್ಲ.